ಓವರ್‌ಕ್ಲಾಕ್ ಮಾಡಿದ ಫೋನ್ ಕೈಕೊಟ್ಟಾಗ: ಕ್ರ್ಯಾಶ್ ಮತ್ತು ಬ್ಯಾಟರಿ ತೊಂದರೆಯ ಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಓವರ್‌ಕ್ಲಾಕ್ ಮಾಡಿದ, ಅಂದರೆ ಚಿಪ್‌ನ ವೇಗವನ್ನು (ಕ್ಲಾಕ್) ತಯಾರಕರು ಇಟ್ಟಿದ್ದಕ್ಕಿಂತ ಏರಿಸಿದ, ಆಂಡ್ರಾಯ್ಡ್ ಫೋನ್ ಇದ್ದಕ್ಕಿದ್ದಂತೆ ಆರಿಹೋದರೆ ಅನುಮಾನಿಸಬೇಕಾದವರು ಮೂವರು. ಹೆಚ್ಚಿಸಿದ ವೇಗಕ್ಕೆ ಚಿಪ್ ತಾಳುತ್ತಿಲ್ಲದಿರಬಹುದು, ಚಿಪ್ ಕೇಳಿದಷ್ಟು ಕರೆಂಟ್ ಬ್ಯಾಟರಿಯಿಂದ ಬರುತ್ತಿಲ್ಲದಿರಬಹುದು, ಅಥವಾ ಇವೆರಡಕ್ಕೂ ಸಂಬಂಧವಿಲ್ಲದ ಯಾವುದೋ ಆ್ಯಪ್, ಮಾಡ್ಯೂಲ್ (ಸಿಸ್ಟಮ್ಮಿಗೆ ಹೊರಗಿನಿಂದ ಸೇರಿಸಿದ ತುಣುಕು) ಕೆಟ್ಟಿರಬಹುದು. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ: ಪರದೆ ಕಪ್ಪಾಗುತ್ತದೆ, ಲೋಗೋ ಬರುತ್ತದೆ. ಆದರೆ ಪ್ರತಿಯೊಂದೂ ಬಿಟ್ಟುಹೋಗುವ ಗುರುತು ಬೇರೆ. ಆ ಗುರುತು ಓದದೆ ವೋಲ್ಟೇಜ್ ಸ್ಲೈಡರ್ ಎಳೆದಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಈ ಮಾರ್ಗದರ್ಶಿ ರೂಟ್ ಆಗಿರುವ (ಸಿಸ್ಟಮ್ಮಿನ ಪೂರ್ಣ ಅಧಿಕಾರ ಬಳಕೆದಾರರಿಗೆ ಸಿಕ್ಕಿರುವ), ಕಸ್ಟಮ್ ಕರ್ನಲ್ (ಆಂಡ್ರಾಯ್ಡಿನ ತಿರುಳಾದ ಕರ್ನಲ್‌ನ ಹೊರಗಿನವರು ತಿದ್ದಿದ ರೂಪ) ಹಾಕಿರುವ ಫೋನ್‌ಗಳಿಗೆ. ಕಂಪ್ಯೂಟರಿನಲ್ಲಿ ಎಡಿಬಿ (ಓಡುತ್ತಿರುವ ಫೋನಿಗೆ ಕಮಾಂಡ್ ಕೊಡುವ ಸಾಧನ) ಮತ್ತು ಫಾಸ್ಟ್‌ಬೂಟ್ (ಸಿಸ್ಟಮ್ ಏಳುವ ಮೊದಲೇ ಫೋನಿಗೆ ಫೈಲ್ ಬರೆಯುವ ಸಾಧನ) ಇರಬೇಕು. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಅವೇ ಹೆಸರು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ಫೋಲ್ಡರ್ ಹೆಸರುಗಳ ನಡುವೆ ಅಲ್ಪವಿರಾಮ ಇದ್ದರೆ ಒಂದರೊಳಗೆ ಇನ್ನೊಂದು ಎಂದರ್ಥ, ಒಂದೇ ಹೆಸರಿನೊಳಗಿನ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಸ್ವಲ್ಪವೇ ಏರಿಸಿದ್ದಕ್ಕೆ ಇಷ್ಟೊಂದು ಬಿಸಿ ಏಕೆ?

ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಆವರ್ತನಕ್ಕೆ ಅನುಗುಣವಾಗಿ ಏರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. 2.0 ಗಿಗಾಹರ್ಟ್ಸ್‌ನಲ್ಲಿ 0.90 ವೋಲ್ಟ್ ತೆಗೆದುಕೊಳ್ಳುತ್ತಿದ್ದ ಕೋರನ್ನು (ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದು ಘಟಕ) 2.3 ಗಿಗಾಹರ್ಟ್ಸ್‌ಗೆ ಒಯ್ದು, ಅದು ನಿಲ್ಲಲೆಂದು 1.00 ವೋಲ್ಟ್ ಕೊಟ್ಟಿರಿ ಎನ್ನಿ. ವೇಗ ಹೆಚ್ಚಿದ್ದು 15 ಶೇಕಡಾ. ವಿದ್ಯುತ್ತು? 1.15ನ್ನು 1.23ರಿಂದ ಗುಣಿಸಿದರೆ ಸುಮಾರು 1.42, ಅಂದರೆ 42 ಶೇಕಡಾ ಹೆಚ್ಚು. ಇದರ ಮೇಲೆ, ಚಿಪ್ ಬಿಸಿಯಾದಷ್ಟೂ ಅದರ ಸೋರಿಕೆ ಕರೆಂಟ್ ಬೇರೆ ಏರುತ್ತದೆ. ಬ್ಯಾಟರಿ ಬೇಗ ಇಳಿಯುವುದು, ಫೋನ್ ಬಿಸಿಯಾಗುವುದು, ಹಳೆಯ ಬ್ಯಾಟರಿ ಕುಸಿಯುವುದು ಎಲ್ಲಕ್ಕೂ ಬೇರು ಈ ಲೆಕ್ಕವೇ.

ಒಂದೇ ಮಾದರಿಯ ಎರಡು ಫೋನ್‌ಗಳ ಚಿಪ್ ಕೂಡ ಒಂದೇ ಸಮನಾಗಿರುವುದಿಲ್ಲ. ಒಂದು 0.95 ವೋಲ್ಟ್‌ನಲ್ಲಿ ಓಡುವ ವೇಗಕ್ಕೆ ಇನ್ನೊಂದು 1.00 ಕೇಳಬಹುದು. ಬೇರೆಯವರ ಸೆಟ್ಟಿಂಗ್ ನಕಲು ಮಾಡಿ ಫೋನ್ ಕೂತುಹೋಗುವುದಕ್ಕೆ ಅತಿ ಸಾಮಾನ್ಯ ಕಾರಣ ಇದು.

ಹಂತ 1: ವಾಪಸ್ ಬರುವ ದಾರಿ ಮಾಡಿಕೊಳ್ಳಿ

ಕ್ಲಾಕ್, ವೋಲ್ಟೇಜ್ ಬದಲಿಸುವ ಕರ್ನಲ್ ಮ್ಯಾನೇಜರ್ ಆ್ಯಪ್‌ನಲ್ಲಿ "ಬೂಟ್ ಆದಾಗ ಅನ್ವಯಿಸು" ಎಂಬ ಆಯ್ಕೆಯನ್ನು ಮೊದಲು ತೆಗೆಯಿರಿ. ಇದೊಂದು ಆಫ್ ಇದ್ದರೆ ಎಂಥ ಕೆಟ್ಟ ಸೆಟ್ಟಿಂಗ್ ಆದರೂ ರೀಸ್ಟಾರ್ಟ್ ಮಾಡಿದೊಡನೆ ಹೋಗುತ್ತದೆ. ಪರೀಕ್ಷೆ ಮುಗಿದು ಕನಿಷ್ಠ ಎರಡು ದಿನ ಫೋನ್ ಸರಿಯಾಗಿ ನಡೆಯುವವರೆಗೆ ಅದನ್ನು ಮತ್ತೆ ಹಾಕಬೇಡಿ.

ನಂತರ ಫೈಲ್‌ಗಳ ಬ್ಯಾಕಪ್. ಅಸ್ಥಿರ ಕ್ಲಾಕ್ ಬರೀ ಫೋನ್ ಆರಿಸುವುದಿಲ್ಲ, ಸ್ಟೋರೇಜಿಗೆ ಬರೆಯುವ ಮಾಹಿತಿಯನ್ನೂ ಸದ್ದಿಲ್ಲದೆ ಕೆಡಿಸಬಲ್ಲದು. ಫೋಟೋಗಳು ಅರ್ಧ ಬೂದು ಬಣ್ಣವಾಗಿ ತೆರೆದುಕೊಳ್ಳುವುದು, ಆ್ಯಪ್‌ಗಳ ಡೇಟಾಬೇಸ್ ಹಾಳಾಗುವುದು ಹೀಗೆಯೇ. ಕ್ರ್ಯಾಶ್ ಆಗುತ್ತಿರುವ ಫೋನ್‌ನಿಂದ ಬ್ಯಾಕಪ್ ತೆಗೆಯುವ ಮುನ್ನ ಕ್ಲಾಕನ್ನು ಮೂಲ ಮಟ್ಟಕ್ಕೆ ಇಳಿಸಿ. ಇಲ್ಲದಿದ್ದರೆ ಕೆಟ್ಟ ಪ್ರತಿಯನ್ನೇ ಜೋಪಾನ ಮಾಡಿದಂತಾಗುತ್ತದೆ. ಫೋನ್‌ನ ಮೂಲ ಬೂಟ್ ಇಮೇಜ್ (ಕರ್ನಲ್ ಇರುವ ಫೈಲ್) ಕಂಪ್ಯೂಟರಿನಲ್ಲಿ ಇರಲಿ. ಅದು ನಿಮ್ಮ ಫೋನ್‌ನಲ್ಲಿ ಈಗಿರುವ ಸಾಫ್ಟ್‌ವೇರ್ ಆವೃತ್ತಿಯದ್ದೇ ಆಗಿರಬೇಕು.

ಈಗಾಗಲೇ ಲೋಗೋದಲ್ಲೇ ಸುತ್ತುತ್ತಿದೆಯೆ? ಸೇಫ್ ಮೋಡ್‌ನಲ್ಲಿ ಎಬ್ಬಿಸಿ ನೋಡಿ. ಹಲವು ಫೋನ್‌ಗಳಲ್ಲಿ ಬೂಟ್ ಅನಿಮೇಷನ್ ಬಂದಾಗ ವಾಲ್ಯೂಮ್ ಇಳಿಕೆ ಬಟನ್ ಒತ್ತಿ ಹಿಡಿದರೆ ಸಾಕು. ಸೇಫ್ ಮೋಡ್‌ನಲ್ಲಿ ಹೊರಗಿನ ಆ್ಯಪ್‌ಗಳು ಏಳುವುದಿಲ್ಲವಾದ್ದರಿಂದ ಕರ್ನಲ್ ಮ್ಯಾನೇಜರ್ ತನ್ನ ಸೆಟ್ಟಿಂಗ್ ಹಾಕಲಾರದು. ರೂಟ್ ಕೊಡುವ ಮ್ಯಾಜಿಸ್ಕ್ ಇದ್ದರೆ ಅದರ ಮಾಡ್ಯೂಲ್‌ಗಳೂ ನಿಷ್ಕ್ರಿಯವಾಗುತ್ತವೆ. ಅದಕ್ಕೂ ಬಗ್ಗದಿದ್ದರೆ ಫಾಸ್ಟ್‌ಬೂಟ್‌ಗೆ ಹೋಗಿ ಮೂಲ ಬೂಟ್ ಇಮೇಜ್ ಫ್ಲ್ಯಾಶ್ ಮಾಡಿ. ಎ ಮತ್ತು ಬಿ ಎಂದು ಎರಡು ಸ್ಲಾಟ್ ಇರುವ ಫೋನ್ ಆದರೆ ಈಗ ಯಾವ ಸ್ಲಾಟ್ ಸಕ್ರಿಯ ಎಂದು ನೋಡಿಕೊಂಡು ಅದಕ್ಕೇ ಹಾಕಿ. ತಪ್ಪು ಸ್ಲಾಟಿಗೆ ಹಾಕಿ "ಫ್ಲ್ಯಾಶ್ ಆದರೂ ಏನೂ ಬದಲಾಗಲಿಲ್ಲ" ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಹಂತ 2: ಮೂಲ ಕ್ಲಾಕ್‌ನಲ್ಲಿ ಒಂದು ದಿನ

ಸಿಪಿಯು, ಜಿಪಿಯು (ಪರದೆಯ ಚಿತ್ರ ರಚಿಸುವ ಭಾಗ), ವೋಲ್ಟೇಜ್, ಗವರ್ನರ್ (ಯಾವಾಗ ಯಾವ ವೇಗ ಎಂದು ನಿರ್ಧರಿಸುವ ಭಾಗ) ಎಲ್ಲವನ್ನೂ ಮೂಲಕ್ಕೆ ತನ್ನಿ. ಸಾಧ್ಯವಾದರೆ ಕರ್ನಲ್ಲನ್ನೂ ಬದಲಿಸಿ. ಕಸ್ಟಮ್ ಕರ್ನಲ್‌ನಲ್ಲಿ ಸ್ಲೈಡರ್ ಮುಟ್ಟದಿದ್ದರೂ ಒಳಗಿನ ವೋಲ್ಟೇಜ್ ಪಟ್ಟಿಯನ್ನು ಅದರ ರಚನಕಾರ ಮೊದಲೇ ಇಳಿಸಿಟ್ಟಿರಬಹುದು. ಒಂದು ದಿನ ಮಾಮೂಲಿಯಾಗಿ ಬಳಸಿ. ತೊಂದರೆ ಹಾಗೆಯೇ ಮುಂದುವರಿದರೆ ಓವರ್‌ಕ್ಲಾಕ್ ನಿರಪರಾಧಿ. ನೇರ ಹಂತ 6ಕ್ಕೆ, ಬ್ಯಾಟರಿಯ ಕಡೆ ಹೋಗಿ. ಪೂರ್ತಿ ನಿಂತರೆ ಮುಂದಿನ ಹಂತ. ಕಡಿಮೆಯಾಗಿ ಉಳಿದುಕೊಂಡರೆ, ಅಂದರೆ ದಿನಕ್ಕೆ ಐದು ಸಲ ಆರುತ್ತಿದ್ದುದು ಒಂದು ಸಲಕ್ಕೆ ಇಳಿದರೆ, ಬಹುಪಾಲು ಅದು ದಣಿದ ಬ್ಯಾಟರಿ. ಓವರ್‌ಕ್ಲಾಕ್ ಅದರ ದಣಿವನ್ನು ಎತ್ತಿ ತೋರಿಸುತ್ತಿತ್ತು, ಅಷ್ಟೆ.

ಹಂತ 3: ಗುರುತು ಓದುವುದು

ಕ್ರ್ಯಾಶ್ ಆಗಿ ಫೋನ್ ತಾನಾಗಿ ಎದ್ದ ಕೂಡಲೆ, ಬೇರೇನೂ ಮಾಡುವ ಮುನ್ನ, ಎಡಿಬಿ ಶೆಲ್‌ನಲ್ಲಿ ಗೆಟ್‌ಪ್ರಾಪ್ ಕೊಟ್ಟು "ಸಿಸ್ ಡಾಟ್ ಬೂಟ್ ಡಾಟ್ ರೀಸನ್" ಎಂಬುದರ ಬೆಲೆ ನೋಡಿ. "ಕರ್ನಲ್ ಪ್ಯಾನಿಕ್" ಅಥವಾ "ವಾಚ್‌ಡಾಗ್" ಎಂದಿದ್ದರೆ ಚಿಪ್ ಅಥವಾ ಕರ್ನಲ್ ಎಡವಿದೆ. "ಶಟ್‌ಡೌನ್, ಥರ್ಮಲ್" ಎಂದರೆ ಶಾಖ. "ಶಟ್‌ಡೌನ್, ಬ್ಯಾಟರಿ" ಎಂದರೆ ಚಾರ್ಜ್ ಮುಗಿದಿದೆ ಎಂದು ಸಿಸ್ಟಮ್ಮೇ ಆರಿಸಿದೆ. "ಕೋಲ್ಡ್" ಅಥವಾ "ಹಾರ್ಡ್" ಎಂದಷ್ಟೇ ಇದ್ದು, ನೀವು ಬಟನ್ ಒತ್ತಿ ಹಿಡಿದು ಆರಿಸಿಲ್ಲವಾದರೆ, ವಿದ್ಯುತ್ತೇ ಕಡಿದುಹೋಗಿರುವ ಸಾಧ್ಯತೆ ಹೆಚ್ಚು.

ಮುಂದೆ ರೂಟ್ ಅನುಮತಿಯಿಂದ ಸಿಸ್, ಎಫ್‌ಎಸ್, ಪಿಸ್ಟೋರ್ ಫೋಲ್ಡರ್ ತೆರೆಯಿರಿ. ಅಲ್ಲಿ "ಕನ್ಸೋಲ್-ರಾಮೂಪ್ಸ್" ಎಂದು ಶುರುವಾಗುವ ಫೈಲ್ ಇದ್ದರೆ ಅದೇ ಫೋನ್‌ನ ಕೊನೆಯ ಮಾತು. ಹಳೆಯ ಕರ್ನಲ್‌ಗಳಲ್ಲಿ ಇದು ಪ್ರೊಕ್ ಫೋಲ್ಡರಿನಲ್ಲಿ "ಲಾಸ್ಟ್ ಕೆಎಂಎಸ್‌ಜಿ" ಎಂಬ ಹೆಸರಿನಲ್ಲಿರುತ್ತದೆ. ಈ ಫೈಲ್ ರ್‍ಯಾಮ್‌ನ ಕಾದಿರಿಸಿದ ಜಾಗದಲ್ಲಿ ಇರುವಂಥದ್ದು. ಫೋನ್ ಪೂರ್ತಿ ಆಫ್ ಆದರೆ ಅಳಿಸಿಹೋಗುತ್ತದೆ. ಹಾಗಾಗಿ ಕ್ರ್ಯಾಶ್ ಆದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಬೇಡಿ, ತಾನಾಗಿ ಏಳಲು ಬಿಡಿ.

ಫೈಲಿನ ಕೊನೆಯ ಐವತ್ತು ಅರವತ್ತು ಸಾಲು ಸಾಕು. "ಅನ್‌ಡಿಫೈನ್ಡ್ ಇನ್‌ಸ್ಟ್ರಕ್ಷನ್" ಎಂಬ ದೂರು ಕರ್ನಲ್‌ನ ಒಳಗಿನಿಂದಲೇ ಬಂದಿದ್ದರೆ ಸಿಪಿಯು ವೋಲ್ಟೇಜ್ ಸಾಲದಿರುವುದರ ಬಲವಾದ ಸುಳಿವು, ಏಕೆಂದರೆ ಸರಿಯಾದ ಆಜ್ಞೆಯನ್ನೇ ಕೋರ್ ತಪ್ಪಾಗಿ ಓದಿದೆ. "ಕೆಜಿಎಸ್‌ಎಲ್" ಎಂಬ ಪದದ ಜೊತೆ ಫಾಲ್ಟ್, ಹ್ಯಾಂಗ್ ಎಂದಿದ್ದರೆ ಅಡ್ರಿನೊ ಜಿಪಿಯು ಕಡೆ ನೋಡಿ. ಫೋಲ್ಡರ್ ಖಾಲಿ, ಕಾರಣವೂ ಬರೀ "ಕೋಲ್ಡ್" ಎಂದರೆ ಕರ್ನಲ್‌ಗೆ ಕಿರುಚಲೂ ಸಮಯ ಸಿಕ್ಕಿಲ್ಲ. ಬ್ಯಾಟರಿಯನ್ನು ಅನುಮಾನಿಸಿ.

ಫೋನ್ ಆರದೆ ಆ್ಯಪ್‌ಗಳು ಮಾತ್ರ ಮುಚ್ಚಿಕೊಳ್ಳುತ್ತಿದ್ದರೆ ಡೇಟಾ ಫೋಲ್ಡರಿನ ಒಳಗಿನ, ಕ್ರ್ಯಾಶ್ ವರದಿಗಳಿರುವ ಟೂಂಬ್‌ಸ್ಟೋನ್ಸ್ ಫೋಲ್ಡರ್ ನೋಡಿ. ಇಲ್ಲೊಂದು ಸೂತ್ರ ನೆನಪಿರಲಿ. ಒಂದೇ ಆ್ಯಪ್, ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿದ್ದರೆ ಅದು ಆ್ಯಪ್‌ನ ದೋಷ. ಇವತ್ತು ಕ್ಯಾಮೆರಾ, ನಾಳೆ ಬ್ರೌಸರ್, ಆಮೇಲೆ ಕೀಬೋರ್ಡ್, ಒಂದೊಂದು ಸಲ ಒಂದೊಂದು ವಿಳಾಸದಲ್ಲಿ ಸಿಗ್ನಲ್ 11 ಅಥವಾ ಸಿಗ್ನಲ್ 4 ಎಂದು ಬಿದ್ದರೆ ಅದು ಸಿಲಿಕಾನ್, ಅಂದರೆ ಚಿಪ್ಪಿನದೇ ತೊಂದರೆ. ಸಾಫ್ಟ್‌ವೇರ್ ದೋಷಕ್ಕೆ ಒಂದು ವಿಳಾಸ ಇರುತ್ತದೆ, ವೋಲ್ಟೇಜ್ ಕೊರತೆ ಅಲೆಮಾರಿ.

ಹಂತ 4: ಯಾವಾಗ ಬೀಳುತ್ತದೆ?

ಗೇಮ್, ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸದಲ್ಲಿ ಬಿದ್ದರೆ ಎಲ್ಲರೂ ಊಹಿಸುವುದೇ ಕಾರಣ: ಮೇಲಿನ ಆವರ್ತನಗಳಿಗೆ ವೋಲ್ಟೇಜ್ ಸಾಲದು. ಬೀಳುವ ಮೊದಲು ಪರದೆಯ ಮೇಲೆ ಬಣ್ಣದ ಚುಕ್ಕೆ, ಹರಿದ ತ್ರಿಕೋನ, ಮಿನುಗುವ ಗೆರೆ ಕಂಡರೆ ಜಿಪಿಯು. ಚಿತ್ರ ಸರಿಯಿದ್ದು ಏಕಾಏಕಿ ಸ್ತಬ್ಧವಾದರೆ ಮೊದಲ ಅನುಮಾನ ಸಿಪಿಯು ಮೇಲೆ. ಎರಡನ್ನೂ ಒಟ್ಟಿಗೆ ಏರಿಸಿದ್ದರೆ ಜಿಪಿಯುವನ್ನು ಮೂಲಕ್ಕೆ ತಂದು ಅದೇ ಗೇಮನ್ನು ಅರ್ಧ ಗಂಟೆ ಓಡಿಸಿ.

ಹೆಚ್ಚು ಜನ ಮೋಸಹೋಗುವುದು ಇನ್ನೊಂದು ಬಗೆಯಲ್ಲಿ. ಇಡೀ ಸಂಜೆ ಗೇಮ್ ಆಡಿದರೂ ಏನೂ ಆಗದ ಫೋನ್, ರಾತ್ರಿ ಮೇಜಿನ ಮೇಲೆ ಸುಮ್ಮನಿಟ್ಟಾಗ ಸತ್ತುಹೋಗಿರುತ್ತದೆ. ಬಟನ್ ಒತ್ತಿದರೆ ಪರದೆ ಏಳುವುದಿಲ್ಲ, ಬಲವಂತದ ರೀಸ್ಟಾರ್ಟೇ ಗತಿ. "ಸ್ಲೀಪ್ ಆಫ್ ಡೆತ್" ಎಂದು ಕರೆಯುವುದು ಇದನ್ನೇ. ಅಂಡರ್‌ವೋಲ್ಟ್ ಮಾಡುವಾಗ (ವಿದ್ಯುತ್ತು ಉಳಿಸಲು ವೋಲ್ಟೇಜ್ ಇಳಿಸುವಾಗ) ಎಲ್ಲ ಆವರ್ತನಗಳಿಂದ ಒಂದೇ ಸಮನೆ, ಉದಾಹರಣೆಗೆ 50 ಮಿಲಿವೋಲ್ಟ್, ಕಳೆದಿರುವುದು ಇದರ ಹಿಂದೆ ಹೆಚ್ಚಾಗಿ ಇರುತ್ತದೆ. 1.00 ವೋಲ್ಟ್‌ನಿಂದ 50 ಹೋದರೆ 5 ಶೇಕಡಾ. ಆದರೆ ಕೆಳಗಿನ ಆವರ್ತನದ 0.65 ವೋಲ್ಟ್‌ನಿಂದ 50 ಹೋದರೆ ಸುಮಾರು 8 ಶೇಕಡಾ, ಅದೂ ಮೊದಲೇ ಅಂಚು ಕಡಿಮೆ ಇರುವ ಜಾಗದಲ್ಲಿ. ಪರಿಹಾರ ಸರಳ: ಕೆಳಗಿನ ಮೂರು ನಾಲ್ಕು ಆವರ್ತನಗಳ ವೋಲ್ಟೇಜನ್ನು ಮೂಲಕ್ಕೆ ಹಿಂದಿರುಗಿಸಿ, ಮೇಲಿನವನ್ನು ಮಾತ್ರ ಇಳಿಸಿ. ಅಷ್ಟಕ್ಕೂ ಉಳಿತಾಯ ಸಿಗುವುದು ಮೇಲಿನ ಕಡೆಯೇ.

ಆ್ಯಪ್‌ನಲ್ಲಿ ವೋಲ್ಟೇಜ್ ಪುಟವೇ ಕಾಣದಿದ್ದರೆ ಗಾಬರಿ ಬೇಡ. ಸ್ನ್ಯಾಪ್‌ಡ್ರ್ಯಾಗನ್ 845ರಿಂದ ಈಚಿನ ಹಲವು ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ಸಿಪಿಯುವಿನ ಆವರ್ತನ–ವೋಲ್ಟೇಜ್ ಪಟ್ಟಿ ಚಿಪ್‌ನೊಳಗಿನ ಹಾರ್ಡ್‌ವೇರ್ ಕೈಯಲ್ಲಿದೆ, ಕರ್ನಲ್ ಅದನ್ನು ಓದುತ್ತದೆ ಅಷ್ಟೆ. ಅಂಥವುಗಳಲ್ಲಿ "ಓವರ್‌ಕ್ಲಾಕ್" ಎಂದು ಸಿಗುವುದು ಬಹುಮಟ್ಟಿಗೆ ಜಿಪಿಯುವಿನದು.

ಹಂತ 5: ಲೆಕ್ಕ ತಪ್ಪುತ್ತಿದೆಯೇ ಎಂದು ಪರೀಕ್ಷಿಸಿ

ಬೆಂಚ್‌ಮಾರ್ಕ್ ಆ್ಯಪ್ ಒಂದು ಸಲ ಮುಗಿಯಿತೆಂದರೆ ಕ್ಲಾಕ್ ಸ್ಥಿರ ಎಂದಲ್ಲ. ಅದು ಅಂಕ ಕೊಡುತ್ತದೆ, ಉತ್ತರ ಸರಿಯಿದೆಯೇ ಎಂದು ಹೇಳುವುದಿಲ್ಲ. ಹ್ಯಾಶ್ ಪರೀಕ್ಷೆ ಹೇಳುತ್ತದೆ. ಹ್ಯಾಶ್ ಎಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ.

ಎಡಿಬಿ ಶೆಲ್‌ನಲ್ಲಿ ಡಿಡಿ ಕಮಾಂಡಿನಿಂದ, ಯುರ್‍ಯಾಂಡಮ್‌ನಿಂದ ಓದಿಸಿ, ಡೇಟಾ, ಲೋಕಲ್, ಟಿಎಂಪಿ ಫೋಲ್ಡರಿನಲ್ಲಿ 200 ಎಂಬಿಯ ಒಂದು ಫೈಲ್ ಮಾಡಿ. ಅದರ ಮೇಲೆ "ಎಸ್‌ಎಚ್‌ಎ256ಸಮ್" ಅನ್ನು ಫಾರ್ ಲೂಪ್‌ನಲ್ಲಿ 200 ಸಲ ಓಡಿಸಿ, ಬಂದದ್ದನ್ನು ಸಾರ್ಟ್‌ಗೆ, ಅಲ್ಲಿಂದ ಯೂನಿಕ್‌ಗೆ ಹೈಫನ್ ಸಿ ಸೇರಿಸಿ ಪೈಪ್ ಮಾಡಿ. ಫೈಲ್ ಅದೇ, ಲೆಕ್ಕ ಅದೇ, ಹಾಗಾಗಿ ಕೊನೆಗೆ ಬರಬೇಕಾದದ್ದು ಒಂದೇ ಸಾಲು: 200 ಎಂಬ ಎಣಿಕೆ, ಮುಂದೆ ಹ್ಯಾಶ್. 199 ಒಂದು ಸಾಲು, 1 ಇನ್ನೊಂದು ಸಾಲು ಬಂದರೆ ಫೋನ್ ಬೀಳದೆಯೇ ತಪ್ಪು ಲೆಕ್ಕ ಮಾಡಿದೆ. ಇನ್ನೂರಕ್ಕೊಂದು ತಾನೆ ಎಂದು ಬಿಡಬೇಡಿ, ನಾಳೆ ಫೋಟೊ ಹಾಳು ಮಾಡುವುದು ಆ ಒಂದೇ.

ಟಾಸ್ಕ್‌ಸೆಟ್ ಕಮಾಂಡ್ ಮುಂದೆ ಸೇರಿಸಿದರೆ ಇದೇ ಪರೀಕ್ಷೆಯನ್ನು ಒಂದೊಂದು ಕೋರಿಗೆ ಕಟ್ಟಿಹಾಕಬಹುದು. ಅದರ ಸಂಖ್ಯೆ ಹೆಕ್ಸಾಡೆಸಿಮಲ್: 1 ಎಂದರೆ ಮೊದಲ ಕೋರ್, 80 ಎಂದರೆ ಎಂಟನೆಯದು. ತಪ್ಪು ಒಂದೇ ಗುಂಪಿನ ಕೋರ್‌ಗಳಲ್ಲಿ ಬಂದರೆ ಆ ಗುಂಪಿನ ಕ್ಲಾಕ್ ಇಳಿಸಿ. ಎಲ್ಲ ಕೋರ್‌ಗಳಲ್ಲೂ ಚದುರಿ ಬಂದರೆ ಮೆಮೊರಿ ಬಸ್‌ನ ವೇಗ ಏರಿಸಿದ್ದೀರಾ ನೋಡಿ. ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದ ಮೇಲೆ, ಪ್ರತಿ ಕೋರಿಗೆ ಒಂದರಂತೆ ಎಲ್ಲವನ್ನೂ ಒಟ್ಟಿಗೆ ಅರ್ಧ ಗಂಟೆ ಓಡಿಸಿ. ತಣ್ಣಗಿರುವಾಗ ಪಾಸಾದ ಕ್ಲಾಕ್ ಬಿಸಿಯಾದಾಗ ಫೇಲಾಗುವುದು ಸಾಮಾನ್ಯ.

ತಿದ್ದುವ ಕ್ರಮ ಹೀಗಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಿದ್ದ ಆವರ್ತನಕ್ಕೆ 12.5 ಮಿಲಿವೋಲ್ಟ್ ಏರಿಸಿ, ಪರೀಕ್ಷೆ ಮತ್ತೆ ಓಡಿಸಿ. ಇನ್ನೊಂದು ಸಲ ಏರಿಸಿ. ಒಟ್ಟು 25 ಏರಿಸಿಯೂ ನಿಲ್ಲದಿದ್ದರೆ ವೋಲ್ಟೇಜ್ ಬಿಟ್ಟು ಕ್ಲಾಕನ್ನೇ ಒಂದು ಮೆಟ್ಟಿಲು ಇಳಿಸಿ. ಮುಂದಿನ 50 ಮೆಗಾಹರ್ಟ್ಸ್‌ಗಾಗಿ ವೋಲ್ಟೇಜ್ ಸುರಿಯುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಮೇಲೆ ತೋರಿಸಿದ ವರ್ಗದ ಲೆಕ್ಕ ಅಲ್ಲಿ ನಿಮ್ಮ ವಿರುದ್ಧವೇ ಓಡುತ್ತಿರುತ್ತದೆ.

ಶಾಖದ ಬಗ್ಗೆ ಎರಡು ಮಾತು. ಸಿಸ್, ಕ್ಲಾಸ್, ಥರ್ಮಲ್ ಫೋಲ್ಡರಿನ ಥರ್ಮಲ್ ಝೋನ್‌ಗಳಲ್ಲಿ ತಾಪಮಾನ ಸಾಮಾನ್ಯವಾಗಿ ಡಿಗ್ರಿಯ ಸಾವಿರದ ಒಂದು ಭಾಗದಲ್ಲಿರುತ್ತದೆ: 78000 ಎಂದರೆ 78 ಡಿಗ್ರಿ ಸೆಲ್ಸಿಯಸ್. ಭಾರ ಬಿದ್ದಾಗ ಸಿಪಿಯು 80–90ರ ಆಸುಪಾಸಿಗೆ ಹೋಗಿ ವೇಗ ತಾನೇ ಇಳಿಯುವುದು (ಥ್ರಾಟಲ್) ದೋಷವಲ್ಲ, ರಕ್ಷಣೆ. ಎರಡು ನಿಮಿಷದಲ್ಲಿ ಥ್ರಾಟಲ್ ಆಗಿ ಮೂಲ ಕ್ಲಾಕಿಗಿಂತ ಕೆಳಗಿಳಿಯುತ್ತಿದ್ದರೆ ನಿಮ್ಮ ಓವರ್‌ಕ್ಲಾಕ್ ಬರೀ ಹೆಸರಿಗೆ. ಥ್ರಾಟ್ಲಿಂಗ್ ಆಫ್ ಮಾಡುವ ಮಾಡ್ಯೂಲ್ ಹಾಕಿದ್ದರೆ ಈಗಲೇ ತೆಗೆಯಿರಿ. ಚಿಪ್ ತಾಳಿದರೂ ಅದರ ಪಕ್ಕದಲ್ಲೇ ಕುಳಿತ ಬ್ಯಾಟರಿ ತಾಳುವುದಿಲ್ಲ.

ಹಂತ 6: ಬ್ಯಾಟರಿಯ ಶಕ್ತಿ ಅಳೆಯುವುದು

30 ಶೇಕಡಾ ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದೊಡನೆ ಆರುತ್ತದೆ, ಚಾರ್ಜರ್ ಹಾಕಿದರೆ ಮತ್ತೆ 28 ಎಂದು ಎದ್ದು ಬರುತ್ತದೆ. ಶೇಕಡಾವಾರು ಸುಳ್ಳಲ್ಲ, ಬ್ಯಾಟರಿಯಲ್ಲಿ ಚಾರ್ಜ್ ಇದೆ. ಅದು ಹೊರಬರುವ ದಾರಿ ಕಿರಿದಾಗಿದೆ. ಬ್ಯಾಟರಿ ಹಳೆಯದಾದಂತೆ ಒಳ ಪ್ರತಿರೋಧ ಏರುತ್ತದೆ, ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ.

ಅಳೆಯಿರಿ. ಸಿಸ್, ಕ್ಲಾಸ್, ಪವರ್ ಸಪ್ಲೈ, ಬ್ಯಾಟರಿ ಫೋಲ್ಡರಿನಲ್ಲಿ "ವೋಲ್ಟೇಜ್ ನೌ" ಮತ್ತು "ಕರೆಂಟ್ ನೌ" ಇರುತ್ತವೆ, ಸಾಮಾನ್ಯವಾಗಿ ಮೈಕ್ರೋವೋಲ್ಟ್ ಮತ್ತು ಮೈಕ್ರೋಆಂಪಿಯರ್‌ನಲ್ಲಿ. ಕೆಲವು ಫೋನ್‌ಗಳು ಮಿಲಿಆಂಪಿಯರ್ ಕೊಡುತ್ತವೆ, ಚಿಹ್ನೆಯೂ ತಿರುಗುಮುರುಗಾಗಿರಬಹುದು. ಯುಎಸ್‌ಬಿ ತಂತಿ ಹಾಕಿದ್ದರೆ ಚಾರ್ಜಿಂಗ್ ಲೆಕ್ಕ ಕೆಡಿಸುತ್ತದೆ, ಆದ್ದರಿಂದ ವೈಫೈ ಮೇಲಿನ ಎಡಿಬಿ ಬಳಸಿ. ಬ್ಯಾಟರಿ 50 ಶೇಕಡಾ ಇರುವಾಗ, ಫೋನ್ ಸುಮ್ಮನಿದ್ದಾಗ ಒಂದು ಓದು, ಹ್ಯಾಶ್ ಪರೀಕ್ಷೆ ಎಲ್ಲ ಕೋರ್‌ಗಳಲ್ಲಿ ಹತ್ತು ಸೆಕೆಂಡ್ ಓಡಿದ ಮೇಲೆ ಇನ್ನೊಂದು.

ಸುಮ್ಮನಿದ್ದಾಗ 3.78 ವೋಲ್ಟ್, 0.3 ಆಂಪಿಯರ್. ಭಾರದಲ್ಲಿ 3.40 ವೋಲ್ಟ್, 2.3 ಆಂಪಿಯರ್ ಎಂದು ಬಂತೆನ್ನಿ. 0.38 ವೋಲ್ಟನ್ನು 2 ಆಂಪಿಯರ್‌ನಿಂದ ಭಾಗಿಸಿದರೆ 0.19 ಓಮ್. ಒಳ್ಳೆಯ ಸ್ಥಿತಿಯ ಬ್ಯಾಟರಿಯಲ್ಲಿ ಇದು ಸಾಮಾನ್ಯವಾಗಿ 0.1 ಓಮ್‌ನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಇದೇ ಬ್ಯಾಟರಿ 25 ಶೇಕಡಾಕ್ಕೆ ಬಂದು 3.65 ವೋಲ್ಟ್ ಇರುವಾಗ ಸಿಪಿಯು, ಜಿಪಿಯು, ಕ್ಯಾಮೆರಾ ಫ್ಲ್ಯಾಶ್ ಸೇರಿ ಕ್ಷಣಕಾಲ 3.5 ಆಂಪಿಯರ್ ಎಳೆದರೆ 0.67 ವೋಲ್ಟ್ ಕುಸಿದು ಉಳಿಯುವುದು 2.98. ಅಷ್ಟರಲ್ಲಿ ಪವರ್ ಚಿಪ್ ಎಲ್ಲವನ್ನೂ ಕಡಿದಿರುತ್ತದೆ. ಪಿಸ್ಟೋರ್ ಖಾಲಿ ಇದ್ದುದರ ಗುಟ್ಟು ಇದೇ. ಚಳಿಯಲ್ಲಿ ಪ್ರತಿರೋಧ ಇನ್ನಷ್ಟು ಏರುವುದರಿಂದ ಅಳತೆಯನ್ನು 25–30 ಡಿಗ್ರಿಯ ಕೋಣೆಯಲ್ಲಿ ಮಾಡಿ.

ಅದೇ ಫೋಲ್ಡರಿನ "ಚಾರ್ಜ್ ಫುಲ್" ಅನ್ನು "ಚಾರ್ಜ್ ಫುಲ್ ಡಿಸೈನ್"ನಿಂದ ಭಾಗಿಸಿದರೆ ಉಳಿದ ಸಾಮರ್ಥ್ಯ ಸಿಗುತ್ತದೆ. 0.80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸಿ, ಅಲ್ಲಿಯವರೆಗೆ ಓವರ್‌ಕ್ಲಾಕ್ ಮರೆತುಬಿಡಿ. ವೋಲ್ಟೇಜ್ ಕುಸಿತಕ್ಕೆ ಕರ್ನಲ್‌ನಲ್ಲಿ ಮದ್ದಿಲ್ಲ. ಗರಿಷ್ಠ ಕ್ಲಾಕ್ ಇಳಿಸಿದರೆ ಒಂದಷ್ಟು ದಿನ ದೂಡಬಹುದು, ಅಷ್ಟೆ.

ಶೇಕಡಾ 40ರಿಂದ 15ಕ್ಕೆ ಜಿಗಿಯುತ್ತಿದ್ದು ಫೋನ್ ಆರುತ್ತಿಲ್ಲವಾದರೆ ಚಾರ್ಜ್ ಅಳೆಯುವ ಗೇಜ್ ದಾರಿ ತಪ್ಪಿರಬಹುದು. 100ಕ್ಕೆ ಚಾರ್ಜ್ ಮಾಡಿ ಒಂದು ಗಂಟೆ ಹಾಗೆಯೇ ಬಿಡಿ, ತಾನಾಗಿ ಆರುವವರೆಗೆ ಬಳಸಿ, ಮತ್ತೆ ನಡುವೆ ಬಿಡಿಸದೆ 100ಕ್ಕೆ ತನ್ನಿ. ಒಂದು ಸಲ ಸಾಕು, ಪದೇ ಪದೇ ಬರಿದು ಮಾಡುವುದು ಬ್ಯಾಟರಿಗೇ ಕೇಡು. "ಬ್ಯಾಟರಿಸ್ಟ್ಯಾಟ್ಸ್" ಫೈಲ್ ಅಳಿಸಿದರೆ ಕ್ಯಾಲಿಬ್ರೇಟ್ ಆಗುತ್ತದೆ ಎಂಬ ಹಳೆಯ ನಂಬಿಕೆಗೆ ಬುಡವಿಲ್ಲ. ಯಾವ ಆ್ಯಪ್ ಎಷ್ಟು ಬಳಸಿತು ಎಂಬ ಲೆಕ್ಕ ಮಾತ್ರ ಅದರಲ್ಲಿರುವುದು.

ಹಂತ 7: ಸುಮ್ಮನಿದ್ದಾಗಲೂ ಇಳಿಯುತ್ತಿದ್ದರೆ

ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಎಂಟು ಗಂಟೆ ಬಿಡಿ. 4000 ಎಂಎಎಚ್ ಬ್ಯಾಟರಿಯಿಂದ ಗಾಢ ನಿದ್ರೆಯಲ್ಲಿ 10 ಮಿಲಿಆಂಪಿಯರ್ ಹೋದರೆ ಎಂಟು ಗಂಟೆಗೆ 80, ಅಂದರೆ 2 ಶೇಕಡಾ. ಬೆಳಿಗ್ಗೆ 10 ಶೇಕಡಾ ಕಡಿಮೆಯಾಗಿದ್ದರೆ ಫೋನ್ ಮಲಗಿಲ್ಲ.

ಮೊದಲು ಸಿಪಿಯುಫ್ರೆಕ್ ಫೋಲ್ಡರಿನ ಸ್ಟ್ಯಾಟ್ಸ್ ಒಳಗಿನ "ಟೈಮ್ ಇನ್ ಸ್ಟೇಟ್" ನೋಡಿ. ಯಾವ ಆವರ್ತನದಲ್ಲಿ ಎಷ್ಟು ಕಾಲ ಎಂದು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಇರುತ್ತದೆ. ಕಾಲದ ದೊಡ್ಡ ಪಾಲು ಮೇಲಿನ ಆವರ್ತನದಲ್ಲಿದ್ದರೆ ಗವರ್ನರ್ "ಪರ್ಫಾರ್ಮೆನ್ಸ್"ನಲ್ಲಿ ಉಳಿದಿದೆ, ಇಲ್ಲವೆ ಕನಿಷ್ಠ ಆವರ್ತನವನ್ನು ಮೇಲೆ ಕಟ್ಟಲಾಗಿದೆ, ಇಲ್ಲವೆ ಟಚ್ ಬೂಸ್ಟ್ (ಪರದೆ ಮುಟ್ಟಿದಾಗ ವೇಗ ಏರಿಸುವ ಸೆಟ್ಟಿಂಗ್) ಅತಿಯಾಗಿದೆ. "ಶೆಡ್‌ಯುಟಿಲ್" ಗವರ್ನರಿಗೆ ಮರಳಿ, ಬೂಸ್ಟ್ ತೆಗೆಯಿರಿ. ಗರಿಷ್ಠ ಕ್ಲಾಕಿಗಿಂತ ಈ ಮೂರು ಸೆಟ್ಟಿಂಗ್‌ಗಳೇ ಬ್ಯಾಟರಿಯನ್ನು ಹೆಚ್ಚು ತಿನ್ನುವುದು. ಆವರ್ತನ ಸರಿಯಿದ್ದೂ ಇಳಿಯುತ್ತಿದ್ದರೆ ಡಂಪ್‌ಸಿಸ್ ಬ್ಯಾಟರಿಸ್ಟ್ಯಾಟ್ಸ್ ವರದಿಯಲ್ಲಿ ವೇಕ್‌ಲಾಕ್ (ಫೋನ್ ಮಲಗದಂತೆ ತಡೆಯುವ ಕೋರಿಕೆ) ಪಟ್ಟಿ ನೋಡಿ. ಅಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಆ್ಯಪ್, ಅದಕ್ಕೂ ಕ್ಲಾಕಿಗೂ ಸಂಬಂಧವಿರುವುದಿಲ್ಲ.

ಚಾರ್ಜಿಂಗ್ ವೇಳೆ ಕೆಲವು ಕಸ್ಟಮ್ ಕರ್ನಲ್‌ಗಳ "ಫೋರ್ಸ್ ಫಾಸ್ಟ್ ಚಾರ್ಜ್" ಆಫ್ ಇರಲಿ. ಡಂಪ್‌ಸಿಸ್ ಬ್ಯಾಟರಿಯಲ್ಲಿ ತಾಪಮಾನ ಡಿಗ್ರಿಯ ಹತ್ತನೇ ಭಾಗದಲ್ಲಿ ಬರುತ್ತದೆ. 450 ಎಂದು ಕಂಡರೆ 45 ಡಿಗ್ರಿ, ಚಾರ್ಜರ್ ತೆಗೆಯಬೇಕಾದ ಗೆರೆ. ಗರಿಷ್ಠ ಚಾರ್ಜಿಂಗ್ ವೋಲ್ಟೇಜ್ ಏರಿಸುವ ಸೆಟ್ಟಿಂಗ್ ಕಂಡರೆ ಅದರ ತಂಟೆಗೆ ಹೋಗಲೇಬೇಡಿ. ಲಿಥಿಯಂ ಬ್ಯಾಟರಿ ಬೆಂಕಿಗೆ ಹತ್ತಿರವಾಗುವ ದಾರಿ ಅದು.

ಹಿಂಬದಿ ಕವರ್ ಉಬ್ಬಿದೆಯೆ, ಪರದೆಯ ಅಂಚು ಎದ್ದಿದೆಯೆ, ಮೇಜಿನ ಮೇಲೆ ಇಟ್ಟರೆ ಫೋನ್ ತಿರುಗುತ್ತದೆಯೆ ಎಂದೂ ನೋಡಿ. ಹೌದಾದರೆ ಮೇಲಿನ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ಮಾಡದೆ ಆಫ್ ಮಾಡಿ, ಒತ್ತದೆ, ಚುಚ್ಚದೆ, ಸುಡದ ನೆಲದ ಮೇಲೆ ಒಂಟಿಯಾಗಿ ಇಡಿ. ಬ್ಯಾಟರಿಯನ್ನು ರಿಪೇರಿ ಬಲ್ಲವರಿಂದ ತೆಗೆಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.